ಎರಡು ಸಲ ಬಂದ ಮಂಗಳವಾರ

ಭಾನುವಾರ, ಹೊರಡುವ ಹಿಂದಿನ ದಿನ

ಅಮ್ಮನನ್ನು ನ್ಯೂಜೆರ್ಸಿಯ ಅಕ್ಕನ ಮನೆಗೆ ಬಿಟ್ಟು ಬರಬೇಕಿತ್ತು. ಆರು ತಿಂಗಳು ಅವಳು ಅಲ್ಲಿರುತ್ತಾಳೆ. ನನಗೆ ಸಿಕ್ಕಿದ್ದು ಒಂದೇ ವಾರ ರಜೆ. ಟಿಕೆಟ್ ಆದ ದಿನದಿಂದ ಸಿಂಗಾಪುರದ ನಮ್ಮ ಮನೆಯಲ್ಲಿ ಎರಡೇ ಪ್ರಶ್ನೆ. "ಎಷ್ಟು ದೂರ?" ಇದು ನನ್ನ ಒಂಬತ್ತು ವರ್ಷದ ಮಗಳದ್ದು. "ಎಷ್ಟು ಹೊತ್ತು?" ಇದು ಎಪ್ಪತ್ತೆರಡರ ಅಮ್ಮನದ್ದು.

ಮಗಳ ಪ್ರಶ್ನೆಗೆ ಉತ್ತರ ಗ್ಲೋಬಿನಲ್ಲೇ ಸಿಕ್ಕಿತು. ಹೊಲಿಗೆ ದಾರದ ಒಂದು ತುದಿಯನ್ನು ಸಿಂಗಾಪುರದ ಮೇಲೆ ಹೆಬ್ಬೆರಳಲ್ಲಿ ಒತ್ತಿಕೊಂಡಳು. ಇನ್ನೊಂದು ತುದಿಯನ್ನು ಪೆಸಿಫಿಕ್ ಸಾಗರದ ಮೇಲೆ ಹಾಯಿಸಿ ನ್ಯೂಯಾರ್ಕ್‌ವರೆಗೆ ತಂದಳು. "ಈಗ ಬಿಗಿಯಾಗಿ ಎಳಿ" ಅಂದೆ. ಎಳೆದಳು. ದಾರ ಸಾಗರ ಬಿಟ್ಟು ತಾನಾಗಿ ಮೇಲಕ್ಕೆ ಜಾರಿತು. ಜಪಾನ್ ದಾಟಿತು, ಸೈಬೀರಿಯಾ ದಾಟಿತು, ಕೊನೆಗೆ ಉತ್ತರ ಧ್ರುವದ ಪಕ್ಕದಲ್ಲೇ ಹೋಗಿ ನಿಂತಿತು. ಮಗಳು ಕೈ ಬಿಟ್ಟು ಮತ್ತೆ ಎಳೆದಳು. ಮತ್ತೆ ಅಲ್ಲೇ.

ಸಿಂಗಾಪುರ ಪೂರ್ವ ರೇಖಾಂಶ 104 ಡಿಗ್ರಿಯಲ್ಲಿದೆ, ನಾವಿಳಿಯುವ, ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್ ಪಶ್ಚಿಮ ರೇಖಾಂಶ 74ರಲ್ಲಿ. ಎರಡನ್ನೂ ಕೂಡಿದರೆ 178. ಇನ್ನೆರಡು ಡಿಗ್ರಿ ಇದ್ದಿದ್ದರೆ ಒಂದರ ರೇಖಾಂಶದ ನೇರ ಹಿಂಬದಿಗೆ ಇನ್ನೊಂದರದ್ದು. ಹಾಗಾಗಿ ಎರಡರ ನಡುವಿನ ಅತಿ ಹತ್ತಿರದ ದಾರಿ ಧ್ರುವದಿಂದ ಸುಮಾರು 230 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ.

ಇದರಿಂದ ಒಂದು ಅನುಕೂಲವೂ ಆಯಿತು. ದೂರವನ್ನು ಕಾಗದದ ಮೇಲೆ ನಾವೇ ಲೆಕ್ಕ ಹಾಕಬಹುದು. ಸಿಂಗಾಪುರದ ಅಕ್ಷಾಂಶ 1.4 ಡಿಗ್ರಿ, ನ್ಯೂವಾರ್ಕ್‌ನದ್ದು 40.7. ಕೂಡಿದರೆ 42.1. ಸಮಭಾಜಕದಿಂದ ಧ್ರುವಕ್ಕೆ ಹತ್ತಿ ಆಚೆಯ ಸಮಭಾಜಕಕ್ಕೆ ಇಳಿದರೆ 180 ಡಿಗ್ರಿ. ಅದರಿಂದ ಇದನ್ನು ಕಳೆದರೆ 137.9 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿ ಅಂದರೆ 111.2 ಕಿ.ಮೀ. ಗುಣಿಸಿದರೆ 15,330 ಚಿಲ್ಲರೆ ಬರುತ್ತದೆ. ಎಲ್ಲೆಡೆ ಬರೆದಿರುವ ಅಂಕಿ 15,344 ಕಿ.ಮೀ. ಭೂಮಿ ಚೆಂಡಿನಷ್ಟು ಗುಂಡಗಿಲ್ಲ, ಅದರಿಂದ ಆ ಸಣ್ಣ ವ್ಯತ್ಯಾಸ. ಐದನೇ ಕ್ಲಾಸಿನ ಗುಣಾಕಾರದಿಂದ ಅಷ್ಟು ಹತ್ತಿರ ಹೋಗಬಹುದು ಅಂದರೆ ನನಗೆ ತುಂಬಾ ಖುಷಿಯಾಗುತ್ತದೆ. ದಾರವನ್ನು ಸ್ಕೇಲಿನ ಮೇಲಿಟ್ಟೆವು. ಗ್ಲೋಬ್ 30 ಸೆಂ.ಮೀ. ಅಡ್ಡಗಲದ್ದು. ದಾರ 36 ಸೆಂ.ಮೀ. ಬಂತು.

ಅಮ್ಮನ ಪ್ರಶ್ನೆ ಇಷ್ಟು ಸುಲಭದ್ದಲ್ಲ. ವೇಳಾಪಟ್ಟಿ ಪ್ರಕಾರ ಸೋಮವಾರ ರಾತ್ರಿ 11:35ಕ್ಕೆ ಹೊರಟು ಮಂಗಳವಾರ ಬೆಳಿಗ್ಗೆ 6ಕ್ಕೆ ತಲುಪುತ್ತೇವೆ. "ಆರೂವರೆ ಗಂಟೆ ಅಲ್ವಾ" ಅಂದಳು ಅಮ್ಮ. ಇಲ್ಲಮ್ಮ, ಹದಿನೆಂಟೂವರೆ. ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿ ನಮಗಿಂತ ಸರಿಯಾಗಿ 12 ಗಂಟೆ ಹಿಂದಿರುತ್ತದೆ. ಆ ಹನ್ನೆರಡನ್ನು ಸೇರಿಸಿಕೊಳ್ಳಬೇಕು.

ಅಮ್ಮ ದಿನಚರಿ ಬರೆಯುವವಳು. ತಾರೀಕು ಅಚ್ಚಾಗಿರುವ ಡೈರಿ, ದಿನಕ್ಕೊಂದು ಪುಟ, ಮೂವತ್ತು ವರ್ಷದಿಂದ ತಪ್ಪಿಲ್ಲ. ಅದನ್ನು ಕೈಚೀಲಕ್ಕೆ ಹಾಕಿಕೊಂಡಳು. ಮಾತ್ರೆಗಳನ್ನೂ ಅದೇ ಚೀಲದಲ್ಲಿ ಇಡಿಸಿದೆ. ದೊಡ್ಡ ಲಗೇಜಿಗೆ ಮಾತ್ರೆ ಹಾಕಲೇಬಾರದು. ಪೆಟ್ಟಿಗೆ ಒಂದು ದಿನ ತಡವಾಗಿ ಬಂದರೂ ಕಷ್ಟ.

ಸೋಮವಾರ

ರಾತ್ರಿ 8ಕ್ಕೆ ಮನೆ ಬಿಟ್ಟೆವು. ಚಾಂಗಿ ವಿಮಾನ ನಿಲ್ದಾಣದಲ್ಲಿ ಅಮ್ಮನಿಗೆ ವೀಲ್‌ಚೇರ್ ಮೊದಲೇ ಕೇಳಿದ್ದೆ. ಅವಳು ನಡೆಯಬಲ್ಲಳು. ಆದರೆ ದೊಡ್ಡ ನಿಲ್ದಾಣದ ನಡಿಗೆ ಬೇರೆ, ಸಾಲಿನಲ್ಲಿ ನಿಲ್ಲುವುದು ಬೇರೆ. ವಯಸ್ಸಾದವರನ್ನು ಕರೆದೊಯ್ಯುವವರು ಇದನ್ನು ಟಿಕೆಟ್ ಜೊತೆಗೇ ಕೇಳಿಟ್ಟುಕೊಳ್ಳಿ. ಸಂಕೋಚ ಬೇಡ.

ಎಲ್ಲೂ ಇಳಿಯದ ವಿಮಾನವೇ ಇರಲಿ ಎಂದು ನಾನು ಹಟ ಹಿಡಿದಿದ್ದೆ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ನ್ಯೂಯಾರ್ಕ್‌ಗೆ ಹೋಗುವ ದಾರಿಯೂ ಇದೆ. ಅದಕ್ಕೆ 24 ಗಂಟೆಯ ಆಸುಪಾಸು ಹಿಡಿಯುತ್ತದೆ. ಟಿಕೆಟ್ ತೆಗೆಯುವಾಗ ಒಂದು ಮಾತು ಗಮನಿಸಬೇಕು. 'ಡೈರೆಕ್ಟ್' ಅಂದರೆ ಎಲ್ಲೂ ಇಳಿಯುವುದಿಲ್ಲ ಎಂದಲ್ಲ. ವಿಮಾನದ ನಂಬರ್ ಬದಲಾಗುವುದಿಲ್ಲ ಎಂದಷ್ಟೇ. ನಡುವೆ ಒಂದು ಊರಲ್ಲಿ ಇಳಿಸಿ, ಮತ್ತೆ ಹತ್ತಿಸಬಹುದು. ಎಲ್ಲೂ ನಿಲ್ಲದ್ದು ಬೇಕಿದ್ದರೆ 'ನಾನ್‌ಸ್ಟಾಪ್' ಎಂದೇ ಇರಬೇಕು.

ನಮ್ಮದು ಸಿಂಗಾಪುರ್ ಏರ್‌ಲೈನ್ಸ್‌ನ ಎಸ್‌ಕ್ಯೂ 22. 2018ರ ಅಕ್ಟೋಬರ್ 11ರಂದು ಈ ಹಾರಾಟ ಮತ್ತೆ ಶುರುವಾದಾಗ ಜಗತ್ತಿನಲ್ಲಿ ಇದಕ್ಕಿಂತ ಉದ್ದದ್ದು ಇರಲಿಲ್ಲ. 2020ರ ನವೆಂಬರ್‌ನಲ್ಲಿ ಅದೇ ಕಂಪನಿ ನ್ಯೂಯಾರ್ಕ್‌ನ ಜಾನ್ ಎಫ್. ಕೆನಡಿ ನಿಲ್ದಾಣಕ್ಕೂ ಹಾರತೊಡಗಿತು. ಅದು 15,349 ಕಿ.ಮೀ. ಐದೇ ಕಿಲೋಮೀಟರ್ ಜಾಸ್ತಿ!

'ಮತ್ತೆ ಶುರುವಾದಾಗ' ಅಂದೆನಲ್ಲ, ಅದರ ಹಿಂದೆ ಒಂದು ಕಥೆ ಇದೆ. ಇದೇ ದಾರಿಯಲ್ಲಿ 2004ರಿಂದ 2013ರವರೆಗೆ ಏರ್‌ಬಸ್ ಎ340-500 ಹಾರುತ್ತಿತ್ತು. ನಾಲ್ಕು ಎಂಜಿನ್‌ನ ವಿಮಾನ. ಇಂಧನದ ಖರ್ಚು ತಡೆಯಲಾಗದೆ ನಿಲ್ಲಿಸಿದರು. ಐದು ವರ್ಷದ ನಂತರ ಬಂದ ಎ350-900 ಯುಎಲ್‌ಆರ್‌ಗೆ (ಅತಿ ದೂರ ಹಾರುವ ಮಾದರಿ) ಎರಡೇ ಎಂಜಿನ್. ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ಕಾರ್ಬನ್ ನಾರಿನಂಥ ಹಗುರ ವಸ್ತುಗಳಿಂದ ಮಾಡಿದ್ದು. ಇದರ ಟ್ಯಾಂಕಿನಲ್ಲಿ 1,65,000 ಲೀಟರ್ ಹಿಡಿಯುತ್ತದೆ. ಪೂರ್ತಿ ತುಂಬಿದರೆ ತೂಕ 130 ಟನ್ ಹತ್ತಿರ. ಹಾರಲು ಇರುವ ಗರಿಷ್ಠ ತೂಕವೇ 280 ಟನ್. ಅಂದರೆ ಹೆಚ್ಚುಕಡಿಮೆ ಅರ್ಧ ವಿಮಾನ ಇಂಧನವೇ! ಆ ಇಂಧನವನ್ನು ಹೊತ್ತೊಯ್ಯಲು ಇನ್ನಷ್ಟು ಇಂಧನ ಬೇಕು. ಅದಕ್ಕೇ ಜನ ಕಡಿಮೆ. ಒಟ್ಟು 161 ಸೀಟು. ಸಾಮಾನ್ಯ ಎಕಾನಮಿ ದರ್ಜೆಯೇ ಇಲ್ಲ.

ಅಮ್ಮನಿಗೆ ಬಲಗಡೆಯ ಕಿಟಕಿ, ಪಕ್ಕದಲ್ಲಿ ನಾನು. ಅಮ್ಮ ಲೈಟು ಹಾಕಿಕೊಂಡು ಸೋಮವಾರದ ಪುಟ ಬರೆದು ಮುಗಿಸಿದಳು. "ಇವತ್ತಿನದು ಆಯ್ತು" ಎಂದು ಡೈರಿ ಮುಚ್ಚಿದಳು. ವಿಮಾನ 11:40ಕ್ಕೆ ಗೇಟು ಬಿಟ್ಟಿತು. ನೆಲ ಬಿಟ್ಟಾಗ ಹನ್ನೆರಡು ದಾಟಿ ಎರಡು ನಿಮಿಷ ಆಗಿತ್ತು.

ಮಂಗಳವಾರ

ಟಿಕೆಟ್ಟಿನ ಮೇಲಿನ ಹದಿನೆಂಟೂವರೆ ಗಂಟೆ ಹಾರುವ ಸಮಯವಲ್ಲ. ಅದನ್ನು ಬ್ಲಾಕ್ ಟೈಮ್ ಅನ್ನುತ್ತಾರೆ. ಈ ಗೇಟಿನಿಂದ ಹಿಂದಕ್ಕೆ ಸರಿದ ಗಳಿಗೆಯಿಂದ ಆ ಗೇಟಿನಲ್ಲಿ ನಿಲ್ಲುವ ಗಳಿಗೆಯವರೆಗೆ. ರನ್‌ವೇಗೆ ಉರುಳಿ ಹೋಗುವುದು, ಸರದಿ ಕಾಯುವುದು, ಇಳಿದ ಮೇಲೆ ಮತ್ತೆ ಉರುಳುವುದು, ಎಲ್ಲ ಅದರೊಳಗೆ. ಗಾಳಿ ಹೇಗಿರುತ್ತದೋ ಎಂದು ಒಂದಿಷ್ಟು ಹೊತ್ತು ಕೈಯಲ್ಲೂ ಇಟ್ಟುಕೊಂಡಿರುತ್ತಾರೆ.

ಮುಂದಿನ ಸೀಟಿನ ಪರದೆಯಲ್ಲಿ ನಕ್ಷೆ ಹಾಕಿದೆ. ಧ್ರುವದ ದಾರಿ ಕಾಣಲಿಲ್ಲ. ಬಿಳಿ ಗೆರೆ ಫಿಲಿಪ್ಪೀನ್ಸ್ ಕಡೆಗೆ ಓರೆಯಾಗಿ ಹೋಗಿ, ಜಪಾನಿನ ಬದಿಯಲ್ಲಿ ಹಾದು, ಉತ್ತರ ಪೆಸಿಫಿಕ್ ದಾಟಿ, ಅಲಾಸ್ಕಾದ ಹತ್ತಿರದಿಂದ ಕೆನಡಾದೊಳಗೆ ಇಳಿದಿತ್ತು. ಮಗಳು ಮೊದಲು ದಾರ ಹಾಯಿಸಿದ್ದಳಲ್ಲ, ಹೆಚ್ಚುಕಡಿಮೆ ಅದೇ ದಾರಿ! ಲೆಕ್ಕ ಹಾಕಿದರೆ 16,500 ಕಿ.ಮೀ. ಆಗುತ್ತದೆ. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಸುತ್ತು. ಅದನ್ನು ಯಾಕೆ ಒಪ್ಪುತ್ತಾರೆ?

ಗಾಳಿಗಾಗಿ. ಒಂಬತ್ತು-ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೇ ಹರಿಯುತ್ತದೆ. ಜೆಟ್ ಸ್ಟ್ರೀಮ್ ಎಂದು ಹೆಸರು. ಗಂಟೆಗೆ ನೂರು, ಇನ್ನೂರು ಕಿ.ಮೀ., ಕೆಲವೊಮ್ಮೆ ಅದಕ್ಕೂ ಜಾಸ್ತಿ. ಹೊಳೆಯ ಸೆಳವಿಗೆ ದೋಣಿ ಬಿಟ್ಟ ಹಾಗೆ, ಪೂರ್ವಕ್ಕೆ ಹೋಗುವ ವಿಮಾನ ಅದರೊಳಗೆ ಸೇರಿಕೊಳ್ಳುತ್ತದೆ. ಈ ವಿಮಾನದ ಸ್ವಂತ ವೇಗ ಗಂಟೆಗೆ 900 ಕಿ.ಮೀ. ಹತ್ತಿರ. ಹಿಂದಿನಿಂದ 80 ಕಿ.ಮೀ. ಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ 980. ಆಗ 16,500 ಕಿ.ಮೀ. ದಾಟಲು 17 ಗಂಟೆ ಸಾಕು. ಗಾಳಿಯೇ ಇಲ್ಲದೆ 15,344 ಕಿ.ಮೀ. ನೇರ ಹಾರಿದರೂ 17 ಗಂಟೆಯೇ ಬೇಕು! ಅಷ್ಟೇ ಹೊತ್ತಾದರೆ ಧ್ರುವದ ತಾಪತ್ರಯ ಯಾಕೆ? ಅಲ್ಲಿ ತುರ್ತಿಗೆ ಇಳಿಯಲು ನಿಲ್ದಾಣಗಳು ಕಡಿಮೆ. ಇಂಧನ ತೀರಾ ತಣ್ಣಗಾಗದಂತೆ ಕಾಯಬೇಕು. ಜೆಟ್ ಎ-1 ಇಂಧನ ಮೈನಸ್ 47 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಜೊತೆಗೆ ನೇರ ಗೆರೆ ರಷ್ಯಾದ ಆಕಾಶದಲ್ಲಿ ಹೋಗುತ್ತದೆ. 2022ರ ನಂತರ ಅನೇಕ ಕಂಪನಿಗಳು ಆ ಕಡೆ ಹೋಗುವುದನ್ನೇ ಬಿಟ್ಟಿವೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ ದೂರ ಗೊತ್ತಿದ್ರೂ ಹೊತ್ತು ಗೊತ್ತಾಗಲ್ಲ ಅನ್ನು" ಅಂದಳು. ಅಷ್ಟೇ ವಿಷಯ.

ಅವಳು ಮಲಗಿದಳು. ಎರಡು ಗಂಟೆಗೊಮ್ಮೆ ಎಬ್ಬಿಸಿ ಸೀಟುಗಳ ನಡುವೆ ಹಿಂದಿನವರೆಗೆ ನಡೆಸಿದೆ. ಕಾಲಿಗೆ ಬಿಗಿಯಾದ ಕಾಲುಚೀಲ ಹಾಕಿಸಿದ್ದೆ, ಡಾಕ್ಟರ್ ಬರೆದುಕೊಟ್ಟದ್ದೇ. ಇಷ್ಟು ಹೊತ್ತು ಅಲುಗಾಡದೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಗರಣೆ ಕಟ್ಟುವ ಅಪಾಯವಿದೆ. ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ನಿದ್ದೆ ಕೆಡಿಸಲು ಮನಸ್ಸು ಬರುವುದಿಲ್ಲ. ಆದರೂ ಎಬ್ಬಿಸಬೇಕು. ನೀರೂ ಅಷ್ಟೇ. ಒಳಗಿನ ಗಾಳಿ ತುಂಬಾ ಒಣ. ಬಾಯಾರಿಕೆ ಆಗುವ ತನಕ ಕಾಯಬಾರದು.

ನನ್ನ ಕೈಗಡಿಯಾರದಲ್ಲಿ ಐದು ಗಂಟೆಗೆ ಸ್ವಲ್ಪ ಮುಂಚೆ ಬಲಗಡೆ ಕೆಂಪಾಯಿತು. ಜಪಾನಿನ ದಕ್ಷಿಣದ ಕಡಲ ಮೇಲಿದ್ದೆವು. ಕಿಟಕಿಯ ಪರದೆ ಎರಡು ಬೆರಳಷ್ಟು ಸರಿಸಿ ಅಮ್ಮನನ್ನು ಎಬ್ಬಿಸಿದೆ. ಮೋಡಗಳ ಅಂಚಿನಿಂದ ಸೂರ್ಯ ಎದ್ದ. ಅವಳು ಡೈರಿ ತೆಗೆದು ಮಂಗಳವಾರದ ಪುಟದ ಮೇಲ್ಗಡೆ ಬರೆದಳು: 'ಬೆಳಗಾಯಿತು. ಕೆಳಗೆ ಬರೀ ನೀರು.'

ಎಂಟಕ್ಕೆ ಬಿಪಿ ಮಾತ್ರೆ ಕೊಟ್ಟೆ. ಮಾತ್ರೆಯ ಬಗ್ಗೆ ನಮ್ಮ ಡಾಕ್ಟರ್ ಒಂದು ಸರಳ ಮಾತು ಹೇಳಿದ್ದರು: ಬೆಳಿಗ್ಗೆ-ರಾತ್ರಿ ನೋಡಬೇಡಿ, 24 ಗಂಟೆ ಎಣಿಸಿ. ಸಿಂಗಾಪುರದ ಬೆಳಗಿನ ಎಂಟು ಅಲ್ಲಿ ರಾತ್ರಿ ಎಂಟು. ಅಮ್ಮನ ಮಾತ್ರೆ ಅಲ್ಲಿ ರಾತ್ರಿಯದಾಗುತ್ತದೆ, ಅಷ್ಟೇ. ಆದರೆ ಎಲ್ಲ ಔಷಧಕ್ಕೂ ಇದೇ ಲೆಕ್ಕ ಹೊಂದುವುದಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಂತೂ ಹೊರಡುವ ಮೊದಲು ತಮ್ಮ ಡಾಕ್ಟರನ್ನು ಕೇಳಲೇಬೇಕು.

ಮತ್ತೆ ಸೋಮವಾರ

ನನ್ನ ಗಡಿಯಾರದಲ್ಲಿ ಒಂಬತ್ತರ ಹೊತ್ತಿಗೆ ನಕ್ಷೆಯ ವಿಮಾನ 180 ಡಿಗ್ರಿ ರೇಖೆ ಮುಟ್ಟಿತು. ದಿನಾಂಕ ರೇಖೆ. ಕೆಳಗಿನ ಕಡಲಿನಲ್ಲಿ ಅದರ ಗುರುತೇನೂ ಇಲ್ಲ. ಗೆರೆಯ ಈ ಕಡೆ ಮಂಗಳವಾರ ಮಧ್ಯಾಹ್ನ, ಆ ಕಡೆ ಸೋಮವಾರ ಮಧ್ಯಾಹ್ನ. ಸೂರ್ಯ ಅಲ್ಲೇ, ಬಲಗಡೆಯಲ್ಲೇ ಇದ್ದ.

"ಅಮ್ಮ, ಈಗ ಮತ್ತೆ ಸೋಮವಾರ" ಅಂದೆ.

ಅಮ್ಮ ನನ್ನ ಮುಖ ನೋಡಿದಳು. "ಸೋಮವಾರದ ಪುಟ ತುಂಬಿಹೋಗಿದೆಯಲ್ಲೇ."

ಅವಳಿಗೆ ಅದು ನಿಜವಾದ ತೊಂದರೆ. ಬರೆದ ಪುಟಕ್ಕೆ ವಾಪಸ್ ಹೋಗಿ ಬರೆದವಳಲ್ಲ. ಬೆಳಗು ಕಂಡದ್ದು ಮಂಗಳವಾರದಲ್ಲಿ. ಈಗ ಕಾಣುವ ಮಧ್ಯಾಹ್ನ ಸೋಮವಾರದ್ದು. ಇದೇ ಹಗಲು ಮುಗಿಯುವಾಗ ಮುಳುಗುವ ಸೂರ್ಯನೂ ಸೋಮವಾರದವನೇ. ಒಂದೇ ಹಗಲಿಗೆ ಎರಡು ವಾರದ ಹೆಸರು. ನಾನು ಕಾಗದದ ಲೋಟವನ್ನು ಭೂಮಿ ಮಾಡಿ, ಓದುವ ದೀಪವನ್ನು ಸೂರ್ಯ ಮಾಡಿ ತಿರುಗಿಸಿ ತೋರಿಸಿದೆ. ಜಗತ್ತಿನಲ್ಲಿ ಹೊಸ ದಿನ ಎಲ್ಲಾದರೂ ಒಂದು ಕಡೆ ಶುರುವಾಗಬೇಕಲ್ಲ, ಅದನ್ನು ಜನವಸತಿ ಇಲ್ಲದ ಕಡಲಿನಲ್ಲಿ ಇಟ್ಟಿದ್ದಾರೆ. ದ್ವೀಪಗಳು ಅಡ್ಡ ಬಂದಲ್ಲಿ ಗೆರೆಯನ್ನೇ ಬಗ್ಗಿಸಿದ್ದಾರೆ, ಅಲೂಷನ್ ದ್ವೀಪಗಳ ಬಳಿ ಮಾಡಿದ ಹಾಗೆ. ಪೂರ್ವಕ್ಕೆ ದಾಟಿದರೆ ಒಂದು ದಿನ ಹಿಂದಕ್ಕೆ, ಪಶ್ಚಿಮಕ್ಕೆ ದಾಟಿದರೆ ಒಂದು ದಿನ ಮುಂದಕ್ಕೆ.

"ಪೈಲಟ್‌ಗಳು ಯಾವ ವಾರ ಅಂತ ಬರ್ಕೋತಾರೆ?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಅವರು ಊರಿನ ಗಡಿಯಾರ ನೋಡುವುದೇ ಇಲ್ಲ. ಜಗತ್ತಿನಾದ್ಯಂತ ಒಂದೇ ಆಗಿರುವ ಯುಟಿಸಿ ಸಮಯದಲ್ಲಿ ಎಲ್ಲ ಬರೆಯುತ್ತಾರೆ. ಇಷ್ಟು ಉದ್ದದ ಹಾರಾಟಕ್ಕೆ ನಾಲ್ವರು ಪೈಲಟ್‌ಗಳಿರುತ್ತಾರೆ. ಇಬ್ಬರು ಹಾರಿಸುವಾಗ ಇನ್ನಿಬ್ಬರು ಮಲಗುತ್ತಾರೆ.

ಹಗಲು ಬೇಗ ಬೇಗ ಸರಿಯಿತು. ಭೂಮಿ ಗಂಟೆಗೆ 15 ಡಿಗ್ರಿ ಪೂರ್ವಕ್ಕೆ ತಿರುಗುತ್ತದೆ. ಆ ಅಕ್ಷಾಂಶದಲ್ಲಿ ನಾವೂ ಅದೇ ದಿಕ್ಕಿಗೆ ಗಂಟೆಗೆ ಸುಮಾರು 13 ಡಿಗ್ರಿ ಓಡುತ್ತಿದ್ದೆವು. ಹಾಗಾಗಿ ನಮ್ಮ ಪಾಲಿಗೆ ಸೂರ್ಯನ ನಡಿಗೆ ಹತ್ತಿರ ಹತ್ತಿರ ಎರಡರಷ್ಟು. ಹನ್ನೆರಡು ಗಂಟೆಯ ಹಗಲು ಏಳೇ ಗಂಟೆಯಲ್ಲಿ ಮುಗಿಯಿತು. ಅಲಾಸ್ಕಾದ ತೀರಕ್ಕೆ ಬರುವಾಗ ಹಿಂದೆ ಆಕಾಶ ಕಿತ್ತಳೆಯಾಗಿ, ನೇರಳೆಯಾಗಿ, ಕಪ್ಪಾಯಿತು. ನನ್ನ ಗಡಿಯಾರದಲ್ಲಿ ಇನ್ನೂ ಮಧ್ಯಾಹ್ನ ಹನ್ನೆರಡು ಆಗಿರಲಿಲ್ಲ.

ಅಮ್ಮ ಸೋಮವಾರದ ಪುಟ ತೆಗೆದು, ಅಂಚಿನಲ್ಲಿ ಸಣ್ಣಕ್ಷರದಲ್ಲಿ, ಅಡ್ಡವಾಗಿ ಬರೆದಳು: 'ಇವತ್ತು ಇನ್ನೊಮ್ಮೆ ಸಂಜೆ ಆಯಿತು.'

ಮತ್ತೆ ಮಂಗಳವಾರ

ಕೆನಡಾ ಪೂರ್ತಿ ಕತ್ತಲೆ. ಪರದೆಯಲ್ಲಿ ಎತ್ತರ 39,000 ಅಡಿ. ರಾತ್ರಿ ಹೊರಟ ಮೇಲೆ 31,000ದಲ್ಲಿ ತುಂಬಾ ಹೊತ್ತು ಇದ್ದದ್ದು ನೆನಪಿತ್ತು. ಇಂಧನ ಉರಿದು ವಿಮಾನ ಹಗುರಾದಂತೆ ಮೆಟ್ಟಿಲು ಹತ್ತಿದ ಹಾಗೆ ಮೇಲೇರುತ್ತಾ ಹೋಗುತ್ತಾರೆ. ಮೇಲೆ ಗಾಳಿ ತೆಳು, ಖರ್ಚು ಕಡಿಮೆ. ಹದಿನಾಲ್ಕು, ಹದಿನೈದನೇ ಗಂಟೆ ನಿಜಕ್ಕೂ ಕಷ್ಟ. ನಿದ್ದೆಯೂ ಇಲ್ಲ, ಎಚ್ಚರವೂ ಇಲ್ಲ. ಅಮ್ಮನ ಪಾದ ಸ್ವಲ್ಪ ಊದಿತ್ತು. ಚಪ್ಪಲಿ ಬಿಚ್ಚಿಸಿ, ಕಾಲನ್ನು ನನ್ನ ಚೀಲದ ಮೇಲೆ ಇಡಿಸಿ, ಬೆರಳಿನಿಂದ ಮೊಣಕಾಲಿನವರೆಗೆ ನಿಧಾನವಾಗಿ ಒತ್ತಿದೆ. ಚಿಕ್ಕವಳಿದ್ದಾಗ ಅವಳು ನನಗೆ ಒತ್ತುತ್ತಿದ್ದಳು.

ನ್ಯೂವಾರ್ಕ್‌ನಲ್ಲಿ ಚಕ್ರ ನೆಲ ಮುಟ್ಟಿದಾಗ ಬೆಳಿಗ್ಗೆ 5:40. ಹದಿನೇಳು ಗಂಟೆ 38 ನಿಮಿಷ ಗಾಳಿಯಲ್ಲಿದ್ದೆವು. ನನ್ನ ಮುಳ್ಳಿನ ಗಡಿಯಾರ ನೋಡಿಕೊಂಡೆ. ಅದೂ 5:40 ತೋರಿಸುತ್ತಿತ್ತು! ಹನ್ನೆರಡು ಗಂಟೆಯ ವ್ಯತ್ಯಾಸ ಅಲ್ವಾ, ಮುಳ್ಳು ತಿರುಗಿಸುವ ಕೆಲಸವೇ ಇಲ್ಲ. ಹಗಲು-ರಾತ್ರಿ ಮಾತ್ರ ಅದಲುಬದಲು. ಚಳಿಗಾಲದಲ್ಲಿ ಹೀಗಾಗುವುದಿಲ್ಲ. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಆಗ ವ್ಯತ್ಯಾಸ 13 ಗಂಟೆ.

ಇಮಿಗ್ರೇಷನ್, ಲಗೇಜು, ಎಲ್ಲ ಬೇಗ ಮುಗಿಯಿತು. ಹೊರಗೆ ಅಕ್ಕ ನಿಂತಿದ್ದಳು. ಅಮ್ಮನನ್ನು ತಬ್ಬಿಕೊಂಡವಳು ಬಿಡಲೇ ಇಲ್ಲ. ಕಾರು ಹೆದ್ದಾರಿಗೆ ಬರುವಾಗ ಸೂರ್ಯ ಮೇಲೆ ಬಂದಿದ್ದ. "ಮಂಗಳವಾರ ಎರಡನೇ ಸಲ ಬೆಳಗಾಯ್ತು" ಅಂದಳು ಅಮ್ಮ. ಅಕ್ಕನಿಗೆ ಅರ್ಥವಾಗಲಿಲ್ಲ. ಎಡಿಸನ್ ಊರಿನ ಅಕ್ಕನ ಮನೆ ಮುಟ್ಟುವ ತನಕ ಅಮ್ಮನೇ ವಿವರಿಸಿದಳು, ಲೋಟ, ದೀಪ, ಗೆರೆ ಎಲ್ಲ ಸೇರಿಸಿ.

ಮನೆ ಬಾಗಿಲು ತೆರೆದಾಗ ಎಂಟೂಕಾಲು. ಸಿಂಗಾಪುರದ ಮನೆ ಬಿಟ್ಟದ್ದು ರಾತ್ರಿ ಎಂಟಕ್ಕೆ. ಬಾಗಿಲಿನಿಂದ ಬಾಗಿಲಿಗೆ 24 ಗಂಟೆ 15 ನಿಮಿಷ. ಟಿಕೆಟ್ಟಿನ ಮೇಲೆ ಈ ಅಂಕಿ ಎಲ್ಲೂ ಇರುವುದಿಲ್ಲ. ವಯಸ್ಸಾದವರ ಮೈಗೆ ಲೆಕ್ಕಕ್ಕೆ ಬರುವುದು ಇದೇ. ಅದಕ್ಕೇ ಅಂದು ಬೇರೇನೂ ಇಟ್ಟುಕೊಂಡಿರಲಿಲ್ಲ.

ಬುಧವಾರ

ಅಮ್ಮ ಬೆಳಗಿನ ಜಾವ ಎರಡಕ್ಕೇ ಎದ್ದು ಕೂತಿದ್ದಳು. ನನಗೂ ನಿದ್ದೆ ಇಲ್ಲ. ಇಬ್ಬರೂ ಕತ್ತಲಲ್ಲಿ ಮಾತಾಡುತ್ತಾ ಕೂತೆವು. ಮೈಯೊಳಗಿನ ಗಡಿಯಾರ ಸಾಮಾನ್ಯವಾಗಿ ದಿನಕ್ಕೆ ಒಂದು ಗಂಟೆಯಷ್ಟು ಸರಿಯುತ್ತದೆ ಅನ್ನುತ್ತಾರೆ. ಹನ್ನೆರಡು ಗಂಟೆ ಅಂದರೆ ಇರುವುದರಲ್ಲೇ ದೊಡ್ಡ ವ್ಯತ್ಯಾಸ. ಅಮ್ಮ ಆರು ತಿಂಗಳು ಇರುವವಳು, ಹೊಂದಿಕೊಳ್ಳಬೇಕು. ಹಾಗಾಗಿ ಬೆಳಿಗ್ಗೆ ಅಕ್ಕ ಅವಳನ್ನು ಬಿಸಿಲಿಗೆ ಕರೆದುಕೊಂಡು ಹೋದಳು. ಬೆಳಕು ಕಣ್ಣಿಗೆ ಬಿದ್ದಷ್ಟೂ ಮೈ ಹೊಸ ಹೊತ್ತಿಗೆ ಬೇಗ ಒಗ್ಗುತ್ತದೆ. ನಾನು ಮರುದಿನವೇ ಹೊರಡುವವಳು. ಹಗಲು ಸುಮ್ನೆ ಮಲಗಿದೆ.

ಗುರುವಾರ

ಸೂರ್ಯೋದಯ ನೋಡಿಕೊಂಡೇ ಮನೆ ಬಿಟ್ಟೆ. ಅಮ್ಮ ಬಾಗಿಲಲ್ಲಿ ನಿಂತು, "ಬೆಳಗು ಎಣಿಸ್ಕೊಂಡು ಹೋಗು" ಅಂದಳು. ಕಣ್ಣು ತುಂಬಿತ್ತು, ನನ್ನದೂ.

ವಿಮಾನ 10:45ಕ್ಕೆ. ವಾಪಸಿನ ವೇಳಾಪಟ್ಟಿ ಹದಿನೆಂಟೂಮುಕ್ಕಾಲು ಗಂಟೆ. ಬಂದ ದಾರಿಯಲ್ಲೇ ಹಿಂದೆ ಹೋಗುತ್ತೇವೆ ಎಂದುಕೊಂಡರೆ ತಪ್ಪು. ಪೆಸಿಫಿಕ್ ಮೇಲೆ ಪಶ್ಚಿಮಕ್ಕೆ ಹೋದರೆ ಅದೇ ಗಾಳಿ ಎದುರಾಗುತ್ತದೆ. ಆದ್ದರಿಂದ ಈ ವಿಮಾನ ಎಷ್ಟೋ ಸಲ ಮತ್ತೆ ಪೂರ್ವಕ್ಕೇ ಹೊರಡುತ್ತದೆ. ಅಟ್ಲಾಂಟಿಕ್ ದಾಟಿ, ಯುರೋಪ್ ದಾಟಿ, ಇನ್ನೊಂದು ಬದಿಯಿಂದ ಸಿಂಗಾಪುರ ಸೇರುತ್ತದೆ. ಅವತ್ತೂ ಹಾಗೇ. ಅಟ್ಲಾಂಟಿಕ್ ನಡುವೆ ಪರದೆಯಲ್ಲಿ ವೇಗ 1,080 ಕಿ.ಮೀ. ತೋರಿಸಿತು. ಇದು ನೆಲದ ಲೆಕ್ಕದ ವೇಗ. ವಿಮಾನದ ಸುತ್ತಲಿನ ಗಾಳಿಯೇ ಓಡುತ್ತಿರುವುದರಿಂದ, ಆ ಗಾಳಿಯೊಳಗೆ ವಿಮಾನದ ವೇಗ ಎಂದಿನಷ್ಟೇ. ನಾಲ್ಕು ಗಂಟೆ ಕಳೆಯುವಷ್ಟರಲ್ಲಿ ಸೂರ್ಯ ಹಿಂದೆ ಮುಳುಗಿದ. ಐರ್ಲೆಂಡ್ ಇನ್ನೂ ಬಂದಿರಲಿಲ್ಲ.

ಯುರೋಪಿನ ಊರುಗಳ ದೀಪ ನೋಡುತ್ತಾ ಮೆಗಲನ್ ತಂಡದವರನ್ನು ನೆನೆದೆ. 1519ರಲ್ಲಿ ಹೊರಟು ಪಶ್ಚಿಮ ದಿಕ್ಕಿನಿಂದ ಭೂಮಿ ಸುತ್ತಿದವರು. ಮೆಗಲನ್ ನಡುದಾರಿಯಲ್ಲೇ ಸತ್ತ. ಉಳಿದವರು 1522ರ ಜುಲೈ 9ರಂದು ಕೇಪ್ ವರ್ಡ್ ದ್ವೀಪ ಮುಟ್ಟಿದಾಗ ಅವರ ಲೆಕ್ಕದಲ್ಲಿ ಬುಧವಾರ. ದಡದವರು ಇವತ್ತು ಗುರುವಾರ ಅಂದರು. ಹಡಗಿನಲ್ಲಿ ದಿನಚರಿ ಬರೆಯುತ್ತಿದ್ದ ಪಿಗಫೆಟ್ಟಾಗೆ ನಂಬಲಾಗಲಿಲ್ಲ. ಒಂದು ದಿನವೂ ಬಿಡದೆ ಬರೆದಿದ್ದ. ತಪ್ಪು ಅವನದಲ್ಲ. ಸೂರ್ಯನ ಜೊತೆಗೇ ಪಶ್ಚಿಮಕ್ಕೆ ಸುತ್ತಿದ್ದರಿಂದ ಒಂದು ಬೆಳಗು ಅವರಿಗೆ ಕಡಿಮೆಯಾಗಿತ್ತು. ನಮ್ಮಮ್ಮನ ಹಾಗೇ ದಿನಚರಿಗಾಗಿ ಚಡಪಡಿಸಿದ ಒಬ್ಬ ಮನುಷ್ಯ ಐನೂರು ವರ್ಷದ ಹಿಂದೆ ಇದ್ದನಲ್ಲ ಎಂದು ಯಾಕೋ ಸಮಾಧಾನವಾಯಿತು.

ನಾವು ಸುತ್ತುತ್ತಿದ್ದದ್ದು ಸೂರ್ಯನಿಗೆ ಎದುರಾಗಿ, ಪೂರ್ವಕ್ಕೆ. ಅವರಿಗೆ ಕಳೆದದ್ದು ನನಗೆ ಸಿಗಬೇಕು.

ಶುಕ್ರವಾರ

ಕ್ಯಾಸ್ಪಿಯನ್ ಸಮುದ್ರ ದಾಟಿದ ಮೇಲೆ ಮುಂದೆ ಬೆಳಗಾಯಿತು. ಆರು ಗಂಟೆ ಚಿಲ್ಲರೆಗೆ ಒಂದು ಇಡೀ ರಾತ್ರಿ ಮುಗಿದಿತ್ತು. ಆಮೇಲೆ ಒಣ ಬೆಟ್ಟಗಳು, ಭಾರತದ ಬಯಲು, ಬಂಗಾಳ ಕೊಲ್ಲಿಯ ಮೋಡಗಳ ರಾಶಿ. ಸಂಜೆ ಐದಕ್ಕೆ ಹತ್ತು ನಿಮಿಷ ಇರುವಾಗ ಚಾಂಗಿಯಲ್ಲಿ ಇಳಿದೆವು. ಗಡಿಯಾರ ಮತ್ತೆ ಸರಿಯಾಗಿಯೇ ಇತ್ತು.

ನಾನು ಮನೆಗೆ ಬಂದ ಕೂಡಲೇ ಮಗಳು ಕ್ಯಾಲೆಂಡರ್ ತಂದು ತೋರಿಸಿದಳು. ನಾವು ಹೋದ ಮೇಲೆ ಬೆಳಗಾದಾಗಲೆಲ್ಲ ಒಂದು ಗೀಟು ಎಳೆದಿದ್ದಳು. ಮಂಗಳ, ಬುಧ, ಗುರು, ಶುಕ್ರ. ನಾಲ್ಕು. ನಾನು ಬೆರಳು ಮಡಿಸಿದೆ. ಪೆಸಿಫಿಕ್ ಮೇಲೊಂದು, ಅಕ್ಕನ ಕಾರಿನಲ್ಲೊಂದು, ಬುಧವಾರದ್ದು, ಗುರುವಾರದ್ದು, ಇವತ್ತು ಕ್ಯಾಸ್ಪಿಯನ್ ಆಚೆಯದ್ದು. ಐದು. ಮಗಳು ಮತ್ತೆ ಎಣಿಸಿದಳು. ಅವಳಪ್ಪನೂ ಎಣಿಸಿದರು. ಇಬ್ಬರ ಲೆಕ್ಕವೂ ಸರಿ. ನನ್ನ ರಾತ್ರಿ-ಹಗಲುಗಳು ದಾರಿಯಲ್ಲಿ ಗಿಡ್ಡವಾಗಿದ್ದವು, ಹಾಗಾಗಿ ಅದೇ ಹೊತ್ತಿನಲ್ಲಿ ಒಂದು ಹೆಚ್ಚಿಗೆ ಹಿಡಿಸಿತ್ತು.

ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆವು. ಅವಳಿಗೆ ಬೆಳಿಗ್ಗೆ. "ಎಷ್ಟಾಯ್ತೇ?" ಎಂದು ಕೇಳಿದಳು. ಐದು ಅಂದೆ. ಡೈರಿಯಲ್ಲಿ ಅದನ್ನೂ ಬರೆದುಕೊಂಡಳು.

ಮಗಳು ಗ್ಲೋಬ್ ತಂದಳು. ಈ ಸಲ ನೇರ ದಾರಿ ಬೇಡ, ನಿಜವಾಗಿ ಹೋದದ್ದೇ ಬೇಕು ಅಂದಳು. ನಾನು ಹೇಳುತ್ತಾ ಹೋದಂತೆ ಅಲ್ಲಲ್ಲಿ ಟೇಪ್ ಅಂಟಿಸಿ ದಾರ ಹಾಯಿಸಿದಳು. ಜಪಾನ್ ಬದಿ, ಅಲಾಸ್ಕಾ, ನ್ಯೂವಾರ್ಕ್‌ವರೆಗೆ ಕೆಂಪು ದಾರ. ಅಲ್ಲಿಂದ ಅಟ್ಲಾಂಟಿಕ್, ಯುರೋಪ್, ಕ್ಯಾಸ್ಪಿಯನ್, ಭಾರತ, ಸಿಂಗಾಪುರದವರೆಗೆ ನೀಲಿ ದಾರ. ಎರಡೂ ಸೇರಿ ಭೂಮಿಗೆ ಒಂದು ಸುತ್ತು ಬಂತು. ಆಮೇಲೆ ನೀಲಿ ಬಣ್ಣದ ಇನ್ನೊಂದು ದಾರವನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿದಳು. ಅದು ಯಾಕೆ ಎಂದು ಕೇಳಿದೆ.

"ಅಜ್ಜಿ ವಾಪಸ್ ಬರೋಕೆ" ಎಂದು ಸುತ್ತಿ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಳು.